ಬಾಡಿಗೆ ಕಟ್ಟಲಾಗದಾಗ: ಮುಂದೂಡಿಕೆಯೋ, ಮನ್ನಾವೋ, ಕಡಿತವೋ?

ಆದಾಯ ನಿಂತಿದೆ, ಈ ಮೂರರಲ್ಲಿ ಮಾಲೀಕರ ಹತ್ತಿರ ಯಾವುದನ್ನು ಕೇಳಲಿ ಅಂದಿದ್ದೀರಿ.

ಮೊದಲು ಹಣದ ಹೊರೆ ನೋಡೋಣ. ಮುಂದೂಡಿದ ಬಾಡಿಗೆ ಎಲ್ಲೂ ಹೋಗುವುದಿಲ್ಲ, ಸಾಲವಾಗಿ ಕೂರುತ್ತದೆ. ಮೂರು ತಿಂಗಳ ಬಾಕಿಯನ್ನು ಆರು ತಿಂಗಳಲ್ಲಿ ತೀರಿಸಬೇಕೆಂದರೆ ಪ್ರತಿ ತಿಂಗಳೂ ಒಂದೂವರೆ ಪಟ್ಟು ಕಟ್ಟಬೇಕು. ಕೆಲಸ ಬೇಗ ಸಿಗುವ ಖಾತ್ರಿ ಇದ್ದವರಿಗೆ ಇದು ಸರಿ. 2020ರ ಏಪ್ರಿಲ್‌ನಿಂದ ಜೂನ್‌ವರೆಗೆ ಕೋವಿಡ್‌ನಿಂದ ಉಳಿದ ಬಾಕಿಗಾಗಿ ಮನೆ ಬಿಡಿಸುವಂತಿಲ್ಲ ಎಂದ ಜರ್ಮನಿ, ತೀರಿಸಲು 2022ರ ಜೂನ್ ತನಕ ಸಮಯ ಕೊಟ್ಟಿತ್ತು. ಅಷ್ಟು ಉದ್ದದ ಗಡುವಿದ್ದರೆ ಉಸಿರಾಡಬಹುದು, ಅಲ್ವಾ?

ಮನ್ನಾ ಬಾಡಿಗೆದಾರರಿಗೆ ನಿಜವಾದ ನೆಮ್ಮದಿ. ಆದರೆ ಮಾಲೀಕರ ಸಾಲದ ಕಂತು, ತೆರಿಗೆ, ರಿಪೇರಿ ನಿಲ್ಲುವುದಿಲ್ಲ. ಜಾಸ್ತಿ ಮನೆ ಇರುವವರು ತಾಳಿಕೊಂಡಾರು. ಒಂದೇ ಮನೆಯ ಬಾಡಿಗೆಯಲ್ಲಿ ಬದುಕುವ ವಯಸ್ಸಾದವರಿಗೆ, ಸರ್ಕಾರದ ಪರಿಹಾರವೂ ಇಲ್ಲದೆ, ಮನ್ನಾ ಮಾಡಿ ಅನ್ನುವುದು ಅನ್ಯಾಯ.

ಆದಾಯ ಅರ್ಧಕ್ಕೆ ಇಳಿದಿದ್ದರೆ ಕಡಿತವೇ ಸಲೀಸು.

ಯಾವುದಾದರೂ ಬರಹದಲ್ಲಿರಲಿ: ಎಷ್ಟು ತಿಂಗಳು, ಬಡ್ಡಿ ಇದೆಯೇ, ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳುತ್ತಾರೆಯೇ. ಮಾತಾಡದೆ ಸುಮ್ನೆ ಕಟ್ಟುವುದನ್ನು ಮಾತ್ರ ನಿಲ್ಲಿಸಬೇಡಿ.