ಪತ್ರಗಳು ಸರಿಯಾಗಿವೆ, ಲಗತ್ತುಗಳು ಕತ್ತರಿಸಿಹೋಗಿವೆ

ಮುಂಬಯಿಯ ಫೋರ್ಟ್ ಭಾಗದ ಒಂದು ಸಣ್ಣ ಪುಸ್ತಕದಂಗಡಿಯವರು ಹೇಳಿದರೆ ಹಳೆಯ ಸರಕಾರಿ ದಾಖಲೆಗಳ ಮರುಮುದ್ರಣವನ್ನು ತರಿಸಿಕೊಡುತ್ತಾರೆ. ಚೀನೀ ಕರಾರು ಕೂಲಿಗಳ ವಲಸೆಯ ಬಗ್ಗೆ ಬ್ರಿಟಿಷ್ ಸಂಸತ್ತಿನ ಮುಂದಿಟ್ಟ ಪತ್ರವ್ಯವಹಾರದ ಸಂಪುಟವೊಂದನ್ನು ನಾನು ಅವರಿಂದ 1,150 ರೂಪಾಯಿಗೆ ಕೊಂಡೆ. ಮಾಟುಂಗಾದ ನಮ್ಮ ಓದುಗರ ಬಳಗದಲ್ಲಿ ಕರಾರಿನ ಮೇಲೆ ಕೂಲಿಗಳನ್ನು ಹೊರದೇಶಗಳಿಗೆ ಒಯ್ಯುತ್ತಿದ್ದ ಗಿರಮಿಟ್ ಪದ್ಧತಿಯ ಕುರಿತು ಮಾತನಾಡಬೇಕಿತ್ತು. (ಹುಬ್ಬಳ್ಳಿಯ ಗೆಳೆಯರೊಬ್ಬರು ಹೆಸರು ಕೇಳಿ, ತಮ್ಮೂರಿನ ಗಿರಮಿಟ್ ತಿಂಡಿಯೆಂದುಕೊಂಡು, ಮಂಡಕ್ಕಿಯ ಆಸೆಯಿಂದ ಬಂದಿದ್ದರು.)

ಓದಿನ ಮಟ್ಟಿಗೆ ಸಂಪುಟ ನಿರಾಸೆಗೊಳಿಸುವುದಿಲ್ಲ. ಗುಲಾಮಗಿರಿ ರದ್ದಾದ ಮೇಲೆ ವೆಸ್ಟ್ ಇಂಡೀಸಿನ ಕಬ್ಬಿನ ತೋಟಗಳಿಗೆ ಆಳುಗಳು ಸಾಲದೆ ಲಂಡನ್ನಿನ ವಸಾಹತು ಇಲಾಖೆ ಚೀನೀಯರಿಗಾಗಿ ಒತ್ತಾಯಿಸುತ್ತಿದ್ದರೆ, ವಲಸೆಯನ್ನೇ ನಿಷೇಧಿಸಿದ್ದ ಚೀನಾದ ಕಾನೂನನ್ನು ಮೀರಿ ತಮ್ಮ ಸರಕಾರ ಎಷ್ಟು ದೂರ ಹೋಗಬಹುದೆಂದು ಹಾಂಗ್‌ಕಾಂಗ್‌ನ ಬ್ರಿಟಿಷ್ ಅಧಿಕಾರಿ ಜಾನ್ ಬೌರಿಂಗ್ ಅಳುಕುತ್ತಿದ್ದುದು 1852ರ ಪತ್ರಗಳಲ್ಲಿಯೇ ಕಾಣುತ್ತದೆ. ಚೀನಾದ ಅಮಾಯ್ ಬಂದರಿನ ಕೊಟ್ಟಡಿಗಳಲ್ಲಿ ಬತ್ತಲಾಗಿ ನಿಲ್ಲಿಸಿದ ಕೂಲಿಗಳ ಎದೆಯ ಮೇಲೆ ಕ್ಯಾಲಿಫೋರ್ನಿಯಕ್ಕೆ ‘ಸಿ’, ಪೆರುವಿಗೆ ‘ಪಿ’ ಎಂದು ಬಳಿದಿದ್ದನ್ನು ತಾವೇ ಕಂಡುದಾಗಿ ಬೌರಿಂಗ್ ವರದಿ ಮಾಡಿದ್ದರು. ಆ ವರ್ಷದ ನವೆಂಬರಿನಲ್ಲಿ, ಊರ ಜನ ಹಿಡಿದು ಠಾಣೆಗೆ ಒಪ್ಪಿಸಿದ್ದ ಕೂಲಿ ದಲ್ಲಾಳಿಯನ್ನು ಬಿಡಿಸಿಕೊಳ್ಳಲು ಸೈಮ್ ಎಂಬ ಬ್ರಿಟಿಷ್ ವರ್ತಕ ಅಲ್ಲಿಗೆ ನುಗ್ಗಿದ್ದರಿಂದ ಊರಿನಲ್ಲಿ ದಂಗೆಯೆದ್ದಿತು. ಬ್ರಿಟಿಷ್ ಪಡೆಯ ಗುಂಡಿಗೆ ಚೀನೀಯರು ಸತ್ತರು. ವರ್ತಕನಿಗೆ ಆದದ್ದು ಜುಲ್ಮಾನೆ ಮಾತ್ರ. ಕೂಲಿಗಳನ್ನು ಸಾಗಿಸುವ ಹಡಗುಗಳಿಗೆ ನಿಯಮ ಬಿಗಿಗೊಳಿಸುವ ಕಾಯ್ದೆ ಬಂದದ್ದು 1855ರಲ್ಲಿ.

ಕೂಲಿಗಳ ವಲಸೆಯ ಬಗ್ಗೆ ಚೀನಾದೊಡನೆ ಆದ 1866ರ ಒಪ್ಪಂದದ ಭಾಗ ಇನ್ನೂ ಸ್ವಾರಸ್ಯಕರವಾಗಿದೆ. ಐದು ವರ್ಷದ ಕರಾರು ಮುಗಿದ ಕೂಲಿಗೆ ಊರಿಗೆ ಮರಳುವ ಖರ್ಚನ್ನು ಕೊಡಬೇಕೆಂಬ ಷರತ್ತಿಗೆ ಪೀಕಿಂಗ್‌ನಲ್ಲಿ ಬ್ರಿಟಿಷ್ ಮತ್ತು ಫ್ರೆಂಚ್ ರಾಯಭಾರಿಗಳು ಒಪ್ಪಿದರು, ಅವರವರ ಸರಕಾರಗಳು ಅನುಮೋದಿಸಲಿಲ್ಲ.

ಇನ್ನು ತಕರಾರು. ಅಧಿಕಾರಿಗಳ ಸಭ್ಯ ಪತ್ರಗಳೆಲ್ಲ ಸ್ಪಷ್ಟವಾಗಿ ಮುದ್ರಣಗೊಂಡಿವೆ. ಅವುಗಳ ಹಿಂದಿನ ಲಗತ್ತುಗಳು, ಅಂದರೆ ಸಾಕ್ಷಿಗಳ ಹೇಳಿಕೆಗಳು, ಮಸಿಯ ಕಲೆಗಳಂತೆ ಕಾಣುತ್ತವೆ. ಮಡಿಸಿದ ಹಾಳೆಗಳನ್ನು ಬಿಡಿಸದೆಯೇ ಸ್ಕ್ಯಾನ್ ಮಾಡಿರುವುದರಿಂದ ಹಡಗುಗಳ ಪಟ್ಟಿಯ ಬಲತುದಿ ಕತ್ತರಿಸಿಹೋಗಿದೆ. ದಾರಿಯಲ್ಲಿ ಸತ್ತವರ ಸಂಖ್ಯೆ ಇರುವುದು ಆ ತುದಿಯಲ್ಲಿಯೇ.

ಅಂಗಡಿಯವರು ವಾದಿಸಲಿಲ್ಲ. ನಾಲ್ಕು ದಿನಗಳಲ್ಲಿ ಆರು ಹಾಳೆಗಳನ್ನು ದೊಡ್ಡ ಅಳತೆಯಲ್ಲಿ ಬೇರೆ ತೆಗೆಸಿಕೊಟ್ಟರು, ಹಣ ಕೇಳಲಿಲ್ಲ. ಹೊಲಿಗೆಯ ಬೈಂಡಿಂಗ್ ಗಟ್ಟಿಯಾಗಿದೆ. ತರಿಸುವವರು ಪಟ್ಟಿಯಿರುವ ಒಂದು ಪುಟದ ಮಾದರಿಯನ್ನು ನೋಡಿದ ಮೇಲೆಯೇ ಮುಂಗಡ ಕೊಡುವುದು ಒಳ್ಳೆಯದು.