ಪ್ರೊಸೀಜರ್ ಒಳಗೇ ಟೇಬಲ್ ಸೃಷ್ಟಿಸುತ್ತೀರಾ? ರೋಲ್‌ಬ್ಯಾಕ್ ನಂಬಿ ಕೂರಬೇಡಿ

ಒರಾಕಲ್ ಡೇಟಾಬೇಸ್‌ನಲ್ಲಿ ಪಿಎಲ್/ಎಸ್‌ಕ್ಯೂಎಲ್ (ಅದರ ಪ್ರೊಸೀಜರ್ ಬರೆಯುವ ಭಾಷೆ) ಬರೆಯುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ತಿಂಗಳಿಗೊಂದು ಹೊಸ ಟೇಬಲ್ ಸೃಷ್ಟಿಸುವ ಪ್ರೊಸೀಜರ್ ಒಂದು ಖಾತೆಗಳಿಂದ ಒಂದೇ ತಿಂಗಳ ಶುಲ್ಕವನ್ನು ಮೂರು ಸಲ ಕಳೆದುಬಿಟ್ಟ ಪ್ರಕರಣ ಇದು. ದೋಷ ಬಂದಾಗ ಓಡುವ ಎಕ್ಸೆಪ್ಶನ್ ಹ್ಯಾಂಡ್ಲರ್ ಇತ್ತು, ಅದರಲ್ಲಿ ಬದಲಾವಣೆಗಳನ್ನು ಹಿಂದೆಗೆಯುವ ರೋಲ್‌ಬ್ಯಾಕ್ ಕೂಡ ಇತ್ತು. ಯಾವುದೂ ಉಪಯೋಗಕ್ಕೆ ಬರಲಿಲ್ಲ.

ಪ್ರೊಸೀಜರ್ ಮೊದಲು ಖಾತೆಗಳ ಟೇಬಲ್‌ನಲ್ಲಿ ಶುಲ್ಕ ಕಳೆದು ಬ್ಯಾಲೆನ್ಸ್ ಅಪ್‌ಡೇಟ್ ಮಾಡುತ್ತಿತ್ತು. ಆಮೇಲೆ ವರ್ಷ, ತಿಂಗಳು ಸೇರಿಸಿ ಹೆಸರು ಕಟ್ಟಿ, ಸ್ಟ್ರಿಂಗ್ ಆಗಿ ಕಟ್ಟಿದ ಆಜ್ಞೆಯನ್ನು ಓಡಿಸುವ ಎಕ್ಸಿಕ್ಯೂಟ್ ಇಮ್ಮಿಡಿಯೇಟ್ ಮೂಲಕ ಕ್ರಿಯೇಟ್ ಟೇಬಲ್ ನಡೆಸುತ್ತಿತ್ತು. ಕೊನೆಗೆ ಆ ಟೇಬಲ್‌ಗೆ ತಿಂಗಳ ವಹಿವಾಟು ತುಂಬಿ ಕಮಿಟ್, ಅಂದರೆ ಬದಲಾವಣೆಗಳನ್ನು ಕಾಯಂ ಮಾಡುವುದು. ಸ್ಕೀಮಾದ (ಒಬ್ಬ ಯೂಸರ್‌ನ ಟೇಬಲ್ ಮುಂತಾದವುಗಳ ಗುಂಪು) ಡೀಫಾಲ್ಟ್ ಟೇಬಲ್‌ಸ್ಪೇಸ್, ಅಂದರೆ ಟೇಬಲ್‌ಗಳು ಕೂರುವ ಜಾಗ, ಬದಲಾಯಿಸಿದ ತಿಂಗಳು ಎಡವಟ್ಟಾಯಿತು. ಹೊಸ ಟೇಬಲ್‌ಸ್ಪೇಸ್ ಮೇಲೆ ಕೋಟಾ (ಜಾಗ ಬಳಸುವ ಅನುಮತಿ) ಕೊಟ್ಟಿರಲಿಲ್ಲ. ಹಾಗಿದ್ದೂ ಕ್ರಿಯೇಟ್ ಟೇಬಲ್ ತಕರಾರಿಲ್ಲದೆ ಮುಗಿಯಿತು. ಎಂಟರ್‌ಪ್ರೈಸ್ ಎಡಿಷನ್ 11.2ರಿಂದ ಈಚೆಗೆ ಖಾಲಿ ಟೇಬಲ್‌ಗೆ ಡಿಸ್ಕ್‌ನಲ್ಲಿ ಜಾಗವನ್ನೇ ತೆಗೆಯುವುದಿಲ್ಲ. ಮೊದಲ ಸಾಲು ಬಂದಾಗ ಆ ಜಾಗ, ಅಂದರೆ ಸೆಗ್ಮೆಂಟ್, ಹುಟ್ಟುತ್ತದೆ. ಹಾಗಾಗಿ ಟೇಬಲ್‌ಸ್ಪೇಸ್ ಮೇಲೆ ಅನುಮತಿ ಇಲ್ಲವೆನ್ನುವ ಓಆರ್‌ಎ-01950 ದೋಷ ಬಂದದ್ದು ಇನ್ಸರ್ಟ್ ಹಂತದಲ್ಲಿ. ಹ್ಯಾಂಡ್ಲರ್ ರೋಲ್‌ಬ್ಯಾಕ್ ಮಾಡಿತು. ಎಲ್ಲವೂ ಹಿಂದಕ್ಕೆ ಹೋಗಿದೆ ಎಂದುಕೊಂಡು ಕೋಟಾ ಕೊಟ್ಟು ಮತ್ತೆ ಓಡಿಸಿದರು. ಈ ಸಲ ಕ್ರಿಯೇಟ್ ಟೇಬಲ್‌ನಲ್ಲೇ ಓಆರ್‌ಎ-00955, ಅಂದರೆ ಆ ಹೆಸರಿನ ಟೇಬಲ್ ಆಗಲೇ ಇದೆ. ಅದನ್ನು ಡ್ರಾಪ್ ಮಾಡಿ ಮೂರನೇ ಸಲ ಓಡಿಸಿದಾಗ ಕೆಲಸ ಸುಸೂತ್ರವಾಗಿ ಮುಗಿಯಿತು. ಅಷ್ಟರಲ್ಲಿ ಪ್ರತಿ ಖಾತೆಯಿಂದಲೂ ಮೂರು ಸಲ ಶುಲ್ಕ ಹೋಗಿತ್ತು.

ಕಾರಣ ಇಷ್ಟೇ: ಒರಾಕಲ್ ಪ್ರತಿ ಡಿಡಿಎಲ್ (ಟೇಬಲ್‌ನಂಥವನ್ನು ಸೃಷ್ಟಿಸುವ, ಬದಲಿಸುವ, ಅಳಿಸುವ) ಆಜ್ಞೆಯ ಮುಂಚೆ ಒಂದು, ನಂತರ ಒಂದು ಕಮಿಟ್ ತಾನಾಗಿ ಮಾಡುತ್ತದೆ. ಎಕ್ಸಿಕ್ಯೂಟ್ ಇಮ್ಮಿಡಿಯೇಟ್ ಒಳಗಿದ್ದರೂ ವಿನಾಯಿತಿ ಇಲ್ಲ. ಎರಡನೇ ಓಟವನ್ನು ಸ್ವಲ್ಪ ಗಮನಿಸಿ. ಅಲ್ಲಿ ಟೇಬಲ್ ಸೃಷ್ಟಿಯಾಗಲೇ ಇಲ್ಲ, ಆದರೂ ಅಪ್‌ಡೇಟ್ ಉಳಿಯಿತು. ಆಜ್ಞೆಯ ವ್ಯಾಕರಣ ಸರಿಯಿದ್ದರೆ ಸಾಕು, ಮುಂಚಿನ ಕಮಿಟ್ ಆಗಿಯೇ ತೀರುತ್ತದೆ. ದೋಷ ಬರುವುದು ಅದಾದ ಮೇಲೆ. ಹ್ಯಾಂಡ್ಲರ್‌ನ ರೋಲ್‌ಬ್ಯಾಕ್‌ಗೆ ಹಿಂದೆಗೆಯಲು ಏನೂ ಉಳಿದಿರುವುದಿಲ್ಲ. ನಡುವೆ ಮರಳಲು ಗುರುತಾಗಿ ಸೇವ್‌ಪಾಯಿಂಟ್ ಇಟ್ಟಿದ್ದರೂ ಅಳಿಸಿಹೋಗುತ್ತದೆ, ಅಲ್ಲಿಗೆ ಮರಳಲು ಹೋದರೆ ಓಆರ್‌ಎ-01086. ಸಾಲುಗಳನ್ನು ಲಾಕ್ ಮಾಡಿ ಒಂದೊಂದಾಗಿ ಓದುವ ಫಾರ್ ಅಪ್‌ಡೇಟ್ ಕರ್ಸರ್ ಲೂಪಿನೊಳಗೆ ಟೇಬಲ್ ಸೃಷ್ಟಿಸಿದರೆ ಲಾಕ್‌ಗಳು ಕಳಚಿ, ಮುಂದಿನ ಫೆಚ್‌ನಲ್ಲಿ ಓಆರ್‌ಎ-01002 ಬರುತ್ತದೆ.

ಪೋಸ್ಟ್‌ಗ್ರೆಸ್ ರೂಢಿಯಿರುವವರು ಇಲ್ಲಿ ಹೆಚ್ಚು ಮೋಸಹೋಗುತ್ತಾರೆ. ಅಲ್ಲಿ ಕ್ರಿಯೇಟ್ ಟೇಬಲ್ ಟ್ರಾನ್ಸಾಕ್ಷನ್‌ನ (ಒಟ್ಟಿಗೆ ಉಳಿಯುವ ಇಲ್ಲವೇ ಒಟ್ಟಿಗೆ ಹಿಂದಕ್ಕೆ ಹೋಗುವ ಬದಲಾವಣೆಗಳ ಗುಂಪು) ಒಳಗೇ ಇರುತ್ತದೆ, ರೋಲ್‌ಬ್ಯಾಕ್ ಮಾಡಿದರೆ ಟೇಬಲೂ ಮಾಯ. ಮೈಎಸ್‌ಕ್ಯೂಎಲ್ ಮಾತ್ರ ಒರಾಕಲ್‌ನಂತೆಯೇ ಕಮಿಟ್ ಮಾಡಿಬಿಡುತ್ತದೆ.

ಟೇಬಲ್ ಸೃಷ್ಟಿಸಲೇಬೇಕಾದರೆ ಆ ಕೆಲಸವನ್ನು ಎಲ್ಲಕ್ಕಿಂತ ಮೊದಲು, ಡೇಟಾ ಮುಟ್ಟುವ ಮುನ್ನವೇ ಮುಗಿಸಿ. 'ಆಗಲೇ ಇದೆ' ಎಂಬ ದೋಷವನ್ನಷ್ಟೇ ದೋಷ ಸಂಖ್ಯೆಗೆ ಹೆಸರು ಕೊಡುವ ಎಕ್ಸೆಪ್ಶನ್_ಇನಿಟ್ ಬಳಸಿ -955 ಸಂಖ್ಯೆಯಿಂದ ಹಿಡಿಯಿರಿ. ವೆನ್ ಅದರ್ಸ್ ದೆನ್ ನಲ್ ಬರೆಯಲೇಬೇಡಿ. ಅದು ಕೋಟಾ ದೋಷವನ್ನೂ ಅನುಮತಿಯ ದೋಷವನ್ನೂ ಒಟ್ಟಿಗೆ ನುಂಗುತ್ತದೆ. ಟೇಬಲ್ ಮೊದಲೇ ಇದ್ದರೆ ಅದರ ಕಾಲಮ್‌ಗಳು ನಿಮಗೆ ಬೇಕಾದವೇ ಎಂದು ಯೂಸರ್_ಟ್ಯಾಬ್_ಕಾಲಮ್ಸ್‌ನಲ್ಲಿ ನೋಡಿ ಮುಂದುವರಿಯಿರಿ.

ಇದಕ್ಕಿಂತ ಗಟ್ಟಿಯಾದ ರಕ್ಷಣೆ ಇನ್ನೊಂದಿದೆ. ತಿಂಗಳ ಮೇಲೆ ಯೂನೀಕ್ ಕೀ (ಒಂದೇ ಮೌಲ್ಯ ಎರಡು ಸಲ ಬರದಂತೆ ತಡೆಯುವ ನಿಯಮ) ಇರುವ ಪುಟ್ಟ ದಾಖಲೆ ಟೇಬಲ್ ಇಡಿ. ಬ್ಯಾಲೆನ್ಸ್ ಅಪ್‌ಡೇಟ್ ಮಾಡುವ ಟ್ರಾನ್ಸಾಕ್ಷನ್‌ನಲ್ಲೇ, ಅಪ್‌ಡೇಟ್‌ಗೆ ಮುಂಚೆ, ಆ ತಿಂಗಳ ಒಂದು ಸಾಲು ಅದಕ್ಕೆ ಸೇರಲಿ. ಅಪ್‌ಡೇಟ್ ಉಳಿದರೆ ಆ ಸಾಲೂ ಉಳಿಯುತ್ತದೆ. ಯಾರಾದರೂ ಮತ್ತೆ ಓಡಿಸಿದರೆ ಓಆರ್‌ಎ-00001 ಬಂದು ಅಲ್ಲಿಯೇ ನಿಲ್ಲುತ್ತದೆ.

ಡಿಡಿಎಲ್ ಅನ್ನು ಅಟಾನಮಸ್ ಟ್ರಾನ್ಸಾಕ್ಷನ್ ಪ್ರಾಗ್ಮಾ (ಬೇರೆಯದೇ ಸ್ವತಂತ್ರ ಟ್ರಾನ್ಸಾಕ್ಷನ್‌ನಲ್ಲಿ ಓಡಿಸುವ ಸೂಚನೆ) ಇರುವ ಬೇರೆ ಪ್ರೊಸೀಜರ್‌ಗೆ ಹಾಕಿ ಎಂದು ಹಲವರು ಹೇಳುತ್ತಾರೆ. ಆಗ ಮುಖ್ಯ ಟ್ರಾನ್ಸಾಕ್ಷನ್ ಕಮಿಟ್ ಆಗುವುದಿಲ್ಲ, ನಿಜ. ಆದರೆ ಆ ಪ್ರೊಸೀಜರ್‌ನಲ್ಲಿ ಕ್ರಿಯೇಟ್ ಟೇಬಲ್ ಆ್ಯಸ್ ಸೆಲೆಕ್ಟ್ ಬರೆದರೆ, ನೀವು ಈಗಷ್ಟೇ ಬದಲಿಸಿ ಕಮಿಟ್ ಮಾಡದ ಸಾಲುಗಳು ಅದಕ್ಕೆ ಕಾಣುವುದಿಲ್ಲ. ಹಳೆಯ ಮೊತ್ತಗಳೇ ಹೊಸ ಟೇಬಲ್‌ಗೆ ಹೋಗುತ್ತವೆ, ದೋಷ ಸಂದೇಶವೂ ಬರುವುದಿಲ್ಲ. ಮುಖ್ಯ ಕೆಲಸ ರೋಲ್‌ಬ್ಯಾಕ್ ಆದರೂ ಟೇಬಲ್ ಉಳಿದಿರುತ್ತದೆ ಎಂಬುದೂ ನೆನಪಿರಲಿ.

ಉಳಿದ ತೊಡಕುಗಳು ಬೇಗ ಕೈಗೆ ಸಿಗುವಂಥವು. ಎಸ್‌ಕ್ಯೂಎಲ್ ಪ್ಲಸ್‌ನಲ್ಲಿ ಟೇಬಲ್ ಸೃಷ್ಟಿಸಲು ಬಿಡುವ ಅದೇ ಯೂಸರ್‌ಗೆ ಪ್ರೊಸೀಜರ್ ಒಳಗೆ ಅನುಮತಿ ಸಾಲದೆನ್ನುವ ಓಆರ್‌ಎ-01031 ಬಂದರೆ, ಅನುಮತಿ ರೋಲ್ (ಅನುಮತಿಗಳ ಗುಂಪು) ಮೂಲಕ ಬಂದಿದೆ ಎಂದರ್ಥ. ಡಿಫೈನರ್ ಹಕ್ಕಿನ (ಒಡೆಯರ ಹಕ್ಕಿನಲ್ಲಿ ಓಡುವ) ಪ್ರೊಸೀಜರ್‌ಗಳಲ್ಲಿ ರೋಲ್‌ಗಳು ಲೆಕ್ಕಕ್ಕಿಲ್ಲ. ಕ್ರಿಯೇಟ್ ಟೇಬಲ್ ಹಕ್ಕನ್ನು ನೇರವಾಗಿ ಗ್ರಾಂಟ್ ಮಾಡಬೇಕು. ಇನ್ನೂ ಸೃಷ್ಟಿಯಾಗದ ಟೇಬಲ್‌ಗೆ ಅದೇ ಬ್ಲಾಕ್‌ನಲ್ಲಿ ನೇರ ಇನ್ಸರ್ಟ್ ಬರೆದರೆ ಕಂಪೈಲ್ ಆಗುವುದೇ ಇಲ್ಲ, ಅದನ್ನೂ ಡೈನಾಮಿಕ್ ಆಗಿಯೇ ಬರೆಯಬೇಕಾಗುತ್ತದೆ.

ಹೆಸರಿನ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಟೇಬಲ್ ಹೆಸರನ್ನು ಬೈಂಡ್ ವೇರಿಯಬಲ್ (ಆಜ್ಞೆಗೆ ಪ್ರತ್ಯೇಕವಾಗಿ ಕೊಡುವ ಮೌಲ್ಯ) ಆಗಿ ಕೊಡಲಾಗದು, ಸ್ಟ್ರಿಂಗ್ ಜೋಡಿಸಲೇಬೇಕು. ಇಂಜೆಕ್ಷನ್‌ಗೆ, ಅಂದರೆ ಹೆಸರಿನ ಜಾಗದಲ್ಲಿ ಬೇರೆ ಆಜ್ಞೆ ನುಸುಳಿಸುವುದಕ್ಕೆ, ಬಾಗಿಲು ತೆರೆಯುವುದು ಅಲ್ಲಿಯೇ. ಹೊರಗಿನಿಂದ ಬಂದ ಹೆಸರನ್ನು ಡಿಬಿಎಂಎಸ್_ಅಸರ್ಟ್ ಪ್ಯಾಕೇಜಿನ ಸಿಂಪಲ್_ಎಸ್‌ಕ್ಯೂಎಲ್_ನೇಮ್ ದಾಟಿಸಿ, ತಪ್ಪಿದ್ದರೆ ಓಆರ್‌ಎ-44003 ಬರುತ್ತದೆ. ತಿಂಗಳನ್ನು ಸೇರಿಸುವಾಗ ಟು_ಚಾರ್‌ಗೆ 'ಮಂತ್' ಫಾರ್ಮ್ಯಾಟ್ ಕೊಡಬೇಡಿ. ಅದು ಚಿಕ್ಕ ಹೆಸರುಗಳ ಹಿಂದೆ ಖಾಲಿ ಜಾಗ ತುಂಬುತ್ತದೆ, ಸೆಷನ್‌ನ ಭಾಷೆ ಬದಲಾದರೆ ಹೆಸರೂ ಬದಲಾಗುತ್ತದೆ. ವರ್ಷಕ್ಕೆ ನಾಲ್ಕು ಅಂಕಿ, ತಿಂಗಳಿಗೆ ಎರಡು ಅಂಕಿ, ಅಷ್ಟೇ. 12.1ರ ತನಕ ಹೆಸರಿನ ಮಿತಿ 30 ಬೈಟ್, 12.2ರಿಂದ 128.

ನಿಜ ಹೇಳಬೇಕೆಂದರೆ ತಿಂಗಳಿಗೊಂದು ಟೇಬಲ್ ಬೇಕಾಗುವ ಸಂದರ್ಭ ತೀರಾ ಅಪರೂಪ. ತಿಂಗಳ ಕಾಲಮ್ ಮತ್ತು ಅದರ ಮೇಲೊಂದು ಇಂಡೆಕ್ಸ್ ಇರುವ ಒಂದೇ ಟೇಬಲ್ ಬಹುಪಾಲು ಕೆಲಸಕ್ಕೆ ಸಾಕು. ಡೇಟಾ ನಿಜಕ್ಕೂ ದೊಡ್ಡದಿದ್ದು ಪಾರ್ಟಿಷನಿಂಗ್ (ಒಂದೇ ಟೇಬಲ್ ಅನ್ನು ಭಾಗಗಳಾಗಿ ಇಡುವ ಸೌಲಭ್ಯ) ಲೈಸೆನ್ಸ್ ಇದ್ದರೆ 11ಜಿ ಆವೃತ್ತಿಯಿಂದ ಇಂಟರ್ವಲ್ ಪಾರ್ಟಿಷನ್ ಇದೆ. ಹೊಸ ತಿಂಗಳ ಮೊದಲ ಸಾಲು ಬಂದಾಗ ಪಾರ್ಟಿಷನ್ ತಾನಾಗಿ ಹುಟ್ಟುತ್ತದೆ, ನಿಮ್ಮ ಟ್ರಾನ್ಸಾಕ್ಷನ್ ಕಮಿಟ್ ಆಗುವುದಿಲ್ಲ. ಮಧ್ಯಂತರ ಲೆಕ್ಕಕ್ಕೆ ಟೇಬಲ್ ಬೇಕೆಂದರೆ ಗ್ಲೋಬಲ್ ಟೆಂಪರರಿ ಟೇಬಲ್ ಅನ್ನು ಒಮ್ಮೆ ಸೃಷ್ಟಿಸಿಟ್ಟರೆ ಆಯಿತು, ಪ್ರತಿ ಸೆಷನ್‌ಗೂ ತನ್ನ ಡೇಟಾ ಮಾತ್ರ ಕಾಣುತ್ತದೆ.

ಅನಾಹುತ ಆಗಲೇ ಆಗಿದ್ದರೆ ಮೊದಲು ಪ್ರೊಸೀಜರ್‌ನ ಜಾಬ್ ನಿಲ್ಲಿಸಿ, ಕೂಡಲೇ ಫ್ಲ್ಯಾಶ್‌ಬ್ಯಾಕ್ ಕ್ವೆರಿಯಿಂದ ಆ ಹೊತ್ತಿಗೆ ಮುಂಚಿನ ಬ್ಯಾಲೆನ್ಸ್‌ಗಳನ್ನು ಬೇರೆ ಟೇಬಲ್‌ಗೆ ನಕಲು ಮಾಡಿಕೊಳ್ಳಿ. ಹಳೆಯ ಡೇಟಾ ಉಳಿಸಿಡುವ ಅವಧಿಯಾದ ಅನ್‌ಡೂ_ರಿಟೆನ್ಷನ್ ಡೀಫಾಲ್ಟ್ 900 ಸೆಕೆಂಡ್ ಮಾತ್ರ. ತಡವಾದರೆ ಓಆರ್‌ಎ-01555 ಬಂದು ಬ್ಯಾಕಪ್‌ನಿಂದಲೇ ತೆಗೆಯಬೇಕಾದೀತು. ಇನ್ನೂ ಏನೂ ಆಗಿಲ್ಲದವರು ಪ್ರೊಸೀಜರ್‌ಗಳ ಕೋಡ್ ಇರುವ ಯೂಸರ್_ಸೋರ್ಸ್‌ನಲ್ಲಿ 'ಎಕ್ಸಿಕ್ಯೂಟ್ ಇಮ್ಮಿಡಿಯೇಟ್' ಮತ್ತು 'ಡಿಬಿಎಂಎಸ್_ಎಸ್‌ಕ್ಯೂಎಲ್' ಎರಡನ್ನೂ ಹುಡುಕಿ. ಎರಡನೆಯದರಲ್ಲಿ ಪಾರ್ಸ್ ಕರೆಯುತ್ತಿದ್ದಂತೆಯೇ ಡಿಡಿಎಲ್ ನಡೆದುಹೋಗುತ್ತದೆ, ಆದ್ದರಿಂದ ಕಮಿಟ್ ಕೂಡ ಆ ಸಾಲಿನಲ್ಲೇ ಆಗುತ್ತದೆ. ಸಿಕ್ಕ ಪ್ರತಿ ಜಾಗದಲ್ಲೂ ಅದಕ್ಕಿಂತ ಮೇಲಿನ ಸಾಲುಗಳಲ್ಲಿ ಇನ್ಸರ್ಟ್, ಅಪ್‌ಡೇಟ್, ಡಿಲೀಟ್ ಇವೆಯೇ ನೋಡಿ. ಪ್ರೊಸೀಜರ್ ಕರೆಯುವವರ ಕೋಡ್‌ನಲ್ಲೂ ನೋಡಿ, ಏಕೆಂದರೆ ಅವರು ಕಮಿಟ್ ಮಾಡದೆ ಇಟ್ಟುಕೊಂಡಿದ್ದ ಬದಲಾವಣೆಗಳೂ ಇದರಲ್ಲೇ ಸೇರಿಹೋಗುತ್ತವೆ.