ಬನಶಂಕರಿಯಿಂದ ಮಲ್ಲೇಶ್ವರಕ್ಕೆ ಮೂರು ಸೈಕಲ್‌ಗಳಲ್ಲಿ

ನನ್ನ ಮನೆ ಇರುವುದು ಬನಶಂಕರಿ ಎರಡನೇ ಹಂತದಲ್ಲಿ, ಕೆಲಸ ಮಲ್ಲೇಶ್ವರದ ಹದಿನೆಂಟನೇ ಅಡ್ಡರಸ್ತೆಯ ಸಮೀಪದಲ್ಲಿ. ನಡುವಿನ ದೂರ ಸುಮಾರು 12 ಕಿ.ಮೀ. ಸ್ಕೂಟರ್ ಬಿಟ್ಟು ಸೈಕಲ್‌ನಲ್ಲೇ ಕಚೇರಿಗೆ ಹೋಗಬೇಕೆಂದು ನಿಶ್ಚಯಿಸಿದಾಗ, ಯಾವ ಸೈಕಲ್ ಸೂಕ್ತವೆಂಬ ಪ್ರಶ್ನೆಗೆ ಕೇಳಿದವರೆಲ್ಲ ಒಂದೊಂದು ಉತ್ತರ ಕೊಟ್ಟರು. ಹಾಗಾಗಿ ಮೂರನ್ನೂ ಒಂದೊಂದು ತಿಂಗಳು ಓಡಿಸಿ ನೋಡಿದೆ: ನನ್ನದೇ ಆದ 21 ಗೇರಿನ ಸಾಧಾರಣ ಸೈಕಲ್, ಭಾವಮೈದುನನಿಂದ ಎರವಲು ತಂದ ಬ್ಯಾಟರಿ ಸೈಕಲ್, ಮತ್ತು ಸಹೋದ್ಯೋಗಿಯೊಬ್ಬರಿಂದ ಅರ್ಧ ಬೆಲೆಗೆ ಕೊಂಡ, ಮಡಿಸಿ ಮೆಟ್ರೊದಲ್ಲಿ ಒಯ್ಯಬಹುದಾದ ಸಣ್ಣ ಚಕ್ರದ ಸೈಕಲ್.

ಗೇರ್ ಸೈಕಲ್‌ನಲ್ಲಿ ಮನೆಯಿಂದ ಕಚೇರಿಗೆ ನಲವತ್ತೈದರಿಂದ ಐವತ್ತು ನಿಮಿಷ ಹಿಡಿಯುತ್ತಿತ್ತು. ಇಪ್ಪತ್ತೊಂದು ಗೇರ್‌ಗಳಲ್ಲಿ ನಾನು ನಿಜವಾಗಿ ಬಳಸಿದ್ದು ಐದನ್ನು ಮಾತ್ರ; ಉಳಿದವು ಅಂಗಡಿಯವರಿಗೆ ಹೇಳಿಕೊಳ್ಳಲು ಇರುವ ಸಂಖ್ಯೆ ಎಂದೇ ನನ್ನ ಅಭಿಪ್ರಾಯ. ಆದರೆ ಓಕಳಿಪುರ ದಾಟಿ ಮಲ್ಲೇಶ್ವರದತ್ತ ಏರುವಾಗ ಆ ಐದು ಇಲ್ಲದಿದ್ದರೆ ಇಳಿದು ತಳ್ಳಬೇಕಾಗುತ್ತಿತ್ತು. ಈ ಸೈಕಲ್‌ನ ದೊಡ್ಡ ತೊಂದರೆ ಬೆವರು. ಬೆಳಗ್ಗೆ ಎಂಟಕ್ಕೆ ಮೊದಲು ಹೊರಟರೆ ಅಷ್ಟೇನೂ ಇಲ್ಲ. ಏಪ್ರಿಲ್‌ನಲ್ಲಿ ಒಂಬತ್ತರ ಮೇಲೆ ಹೊರಟರೆ ಇನ್ನೊಂದು ಅಂಗಿ ಚೀಲದಲ್ಲಿ ಇರಲೇಬೇಕು. ಚೀಲ ಬೆನ್ನ ಮೇಲಿದ್ದಷ್ಟು ಕಾಲ ಬೆನ್ನು ಒದ್ದೆಯೇ. ಹಿಂದೆ ಕ್ಯಾರಿಯರ್ ಹಾಕಿಸಿ ಚೀಲವನ್ನು ಅದರ ಮೇಲೆ ಕಟ್ಟಲು ಆರಂಭಿಸಿದ ಮೇಲೆ ಅರ್ಧ ಸಮಸ್ಯೆ ಬಗೆಹರಿಯಿತು.

ಬ್ಯಾಟರಿ ಸೈಕಲ್ ಬಗ್ಗೆ ಹೆಚ್ಚು ಹೇಳಬೇಕಾಗಿದೆ, ಏಕೆಂದರೆ ಅದರ ಬಗ್ಗೆ ನನ್ನ ಎಣಿಕೆ ಎರಡು ಬಾರಿ ತಲೆಕೆಳಗಾಯಿತು. ಮೋಟಾರಿನ ಶಕ್ತಿ 0.25 ಕಿಲೋವಾಟ್‌ಗಿಂತಲೂ ವೇಗ ಗಂಟೆಗೆ 25 ಕಿ.ಮೀ.ಗಿಂತಲೂ ಕಡಿಮೆಯಿದ್ದು, ತೂಕವೂ ಮಿತಿಯೊಳಗಿದ್ದರೆ, 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಅದು ಮೋಟಾರು ವಾಹನವಲ್ಲ; ನೋಂದಣಿಯೂ ಬೇಡ, ಲೈಸೆನ್ಸೂ ಬೇಡ. ಖರ್ಚಿನ ಲೆಕ್ಕ ಹಾಕಿದರೆ ನಗು ಬರುತ್ತದೆ: 36 ವೋಲ್ಟ್, 10 ಆಂಪಿಯರ್-ಅವರ್ ಬ್ಯಾಟರಿಯೊಂದರಲ್ಲಿ ಹಿಡಿಯುವುದು 360 ವಾಟ್-ಅವರ್, ಎಂದರೆ ಅರ್ಧ ಯೂನಿಟ್‌ಗೂ ಕಡಿಮೆ ವಿದ್ಯುತ್ತು. ಆ ಒಂದು ಚಾರ್ಜಿನಲ್ಲಿ ಹೋಗಿ ಬರುವ 24 ಕಿ.ಮೀ. ಆರಾಮವಾಗಿ ಮುಗಿಯುತ್ತಿತ್ತು. ಏರಿನಲ್ಲಿ ಉಸಿರು ಕಟ್ಟಲಿಲ್ಲ, ಅಂಗಿ ಒಣಗಿಯೇ ಇತ್ತು, ಮೊದಲ ವಾರದಲ್ಲೇ ಇದನ್ನು ಕೊಂಡುಬಿಡಬೇಕೆಂದು ಮನೆಯಲ್ಲಿ ಹೇಳಿಯೂ ಆಗಿತ್ತು.

ಎರಡನೇ ವಾರ ಕೆ.ಆರ್. ಮಾರುಕಟ್ಟೆಯ ಕಡೆಯಿಂದ ಬರುವ ದಟ್ಟಣೆಗೆ ಸಿಕ್ಕಿಕೊಂಡಾಗ ಅದರ ಇನ್ನೊಂದು ಗುಣ ತಿಳಿಯಿತು. ಅಗ್ಗದ ಬ್ಯಾಟರಿ ಸೈಕಲ್‌ಗಳಲ್ಲಿ ಇರುವುದು ಪೆಡಲ್ ತಿರುಗುತ್ತಿದೆಯೇ ಎಂದಷ್ಟೇ ಗುರುತಿಸುವ ಸೆನ್ಸರ್. ನಾವು ಎಷ್ಟು ಬಲ ಹಾಕುತ್ತಿದ್ದೇವೆ ಎಂಬುದು ಅದಕ್ಕೆ ತಿಳಿಯುವುದಿಲ್ಲ. ಹೀಗಾಗಿ ಸಿಗ್ನಲ್ ಬಿಟ್ಟ ಕೂಡಲೇ, ಸಹಾಯ ಅತಿ ಅಗತ್ಯವಿರುವ ಕ್ಷಣದಲ್ಲಿ, ಇಪ್ಪತ್ತು ಕಿಲೋಗೂ ಮೀರಿದ ಭಾರವನ್ನು ಕಾಲಿನಿಂದಲೇ ಎಳೆಯಬೇಕು, ಮುಂದಿನ ಆಟೊ ಇನ್ನೇನು ಒಂದು ಮಾರು ದೂರದಲ್ಲಿ ನಿಂತಿದೆ ಎನ್ನುವಾಗ ಮೋಟಾರು ಎಚ್ಚೆತ್ತು ಮುಂದಕ್ಕೆ ನೂಕುತ್ತದೆ. ಬ್ರೇಕ್ ಹಿಡಿದರೆ ಮೋಟಾರು ನಿಲ್ಲುತ್ತದೆ ನಿಜ, ಆದರೆ ಪ್ರತಿ ಹತ್ತು ಗಜಕ್ಕೊಮ್ಮೆ ನಿಂತು ಹೊರಡುವ ಊರಿನಲ್ಲಿ ಇದು ದಣಿವಿನ ಇನ್ನೊಂದು ರೂಪ. ಬಲವನ್ನು ಅಳೆಯುವ ಸೆನ್ಸರ್ ಇರುವ ಸೈಕಲ್‌ಗಳಲ್ಲಿ ಈ ತೊಡಕಿಲ್ಲ. ಅವುಗಳ ಬೆಲೆ ಮಾತ್ರ ನನ್ನ ಕೈಗೆ ಎಟುಕುವಂಥದ್ದಲ್ಲ.

ಮೂರನೇ ವಾರ ಚಾಮರಾಜಪೇಟೆಯಲ್ಲಿ ಹಿಂದಿನ ಚಕ್ರ ಪಂಕ್ಚರ್ ಆಯಿತು. ಮೋಟಾರು ಇರುವುದು ಆ ಚಕ್ರದ ನಡುವಿನ ಗುಂಭದಲ್ಲೇ (ಹಬ್) ಆದ್ದರಿಂದ, ವೈರನ್ನು ಫ್ರೇಮಿಗೆ ಬಿಗಿದ ಪ್ಲಾಸ್ಟಿಕ್ ಪಟ್ಟಿಗಳನ್ನು ಕತ್ತರಿಸಿ, ವೈರಿನ ಜೋಡಣೆ ಬಿಡಿಸಿ, ದಪ್ಪ ನಟ್ಟುಗಳನ್ನು ಸಡಿಲಿಸಿದ ಮೇಲೆಯೇ ಚಕ್ರ ಹೊರಬರುವುದು. ಎರಡು ಪಂಕ್ಚರ್ ಅಂಗಡಿಗಳವರು ವೈರ್ ನೋಡಿದ ತಕ್ಷಣ ಆಗುವುದಿಲ್ಲವೆಂದು ಕೈಯಾಡಿಸಿಬಿಟ್ಟರು. ಮೂರನೆಯವರು, ವಯಸ್ಸಾದವರು, ಚಕ್ರ ಬಿಚ್ಚದೆಯೇ ಟೈರನ್ನು ಒಂದು ಬದಿ ಎಬ್ಬಿಸಿ ಟ್ಯೂಬಿನ ತುಂಡನ್ನಷ್ಟೇ ಹೊರಗೆಳೆದು ತೇಪೆ ಹಾಕಿಕೊಟ್ಟರು. ಗೇರ್ ಸೈಕಲ್‌ಗೆ ಇದೇ ಕೆಲಸ ಯಾವ ಮೂಲೆಯಲ್ಲಾದರೂ ಹತ್ತು ನಿಮಿಷದ್ದು.

ಮಡಿಸುವ ಸೈಕಲ್‌ನ ಲೆಕ್ಕವೇ ಬೇರೆ. ಮನೆಯಿಂದ ಬನಶಂಕರಿ ನಿಲ್ದಾಣಕ್ಕೆ ಒಂದೂವರೆ ಕಿ.ಮೀ., ಅಲ್ಲಿಂದ ಹಸಿರು ಮಾರ್ಗದಲ್ಲಿ ಸಂಪಿಗೆ ರಸ್ತೆಯವರೆಗೆ, ಮತ್ತೆ ಎರಡೂವರೆ ಕಿ.ಮೀ. ತುಳಿತ. ಮಡಿಸಿದ ಸೈಕಲ್‌ಗೆ ಮೆಟ್ರೊದಲ್ಲಿ 2021ರಲ್ಲಿ ಅನುಮತಿ ದೊರೆಯಿತು. ಕೊನೆಯ ಬೋಗಿಯಲ್ಲೇ ಹತ್ತಬೇಕು, ತೂಕ 15 ಕಿಲೋ ಮೀರಬಾರದು. ಮಳೆಗಾಲದಲ್ಲಿ ಇದಕ್ಕೆ ಸಾಟಿಯಿಲ್ಲ. ಆದರೆ ಒಂಬತ್ತು ಗಂಟೆಯ ನೂಕುನುಗ್ಗಲಿನಲ್ಲಿ ಹನ್ನೆರಡು ಕಿಲೋದ ಕಬ್ಬಿಣವನ್ನು ಮೊಣಕಾಲ ಪಕ್ಕ ಹಿಡಿದು ನಿಂತಾಗ, ಜನ ಬಾಯಿಬಿಟ್ಟು ಏನೂ ಅನ್ನದಿದ್ದರೂ, ಮೆಜೆಸ್ಟಿಕ್ ಬರುವವರೆಗೂ ನಾನು ತಲೆ ಎತ್ತುತ್ತಿರಲಿಲ್ಲ. ಒಟ್ಟು ಸಮಯವೂ ಪೂರ್ತಿ ತುಳಿದುಕೊಂಡು ಹೋದಷ್ಟೇ ಆಗುತ್ತಿತ್ತು. ಇನ್ನು ಆ ಸಣ್ಣ ಚಕ್ರಗಳಿಗೆ ನಮ್ಮ ರಸ್ತೆಗಳು ಹೇಳಿಮಾಡಿಸಿದಂಥವಲ್ಲ: ದೊಡ್ಡ ಚಕ್ರ ಹಾಯುವ ಗುಂಡಿಯಲ್ಲಿ ಸಣ್ಣದು ಇಳಿದು ಕೂರುತ್ತದೆ, ಮಳೆನೀರಿನ ಜಾಲರಿಯ ಕಂಬಿಗಳು ರಸ್ತೆಯ ಉದ್ದಕ್ಕೇ ಇದ್ದರಂತೂ ಎದೆ ಝಲ್ಲೆನ್ನುತ್ತದೆ. ಆ ಕಂಬಿಗಳನ್ನು ಅಡ್ಡಲಾಗಿ ಕೂರಿಸಿದರೆ ಸಾಕು, ಹೆಚ್ಚಿಗೆ ಒಂದು ಪೈಸೆಯೂ ಖರ್ಚಿಲ್ಲ.

ಮೂರನ್ನೂ ಓಡಿಸುವಾಗ ದಾರಿಯನ್ನೂ ಹೋಲಿಸಿದ್ದೇನೆ. ಮುಖ್ಯರಸ್ತೆ ಹಿಡಿದರೆ ಐದು ನಿಮಿಷ ಉಳಿಯುತ್ತದೆ, ಬಸ್ಸು ಮತ್ತು ನಿಂತ ಕಾರುಗಳ ನಡುವಿನ ಒಂದು ಮೊಳ ಜಾಗದಲ್ಲಿ ಸಾಗಬೇಕಾಗುತ್ತದೆ. ನಾನು ಹಿಡಿದದ್ದು ಅಡ್ಡರಸ್ತೆಗಳನ್ನು. 1892ರ ಚಾಮರಾಜಪೇಟೆಯನ್ನೂ, ಪ್ಲೇಗಿನ ಕಾಲದಲ್ಲಿ, 1898ರ ಸುಮಾರಿಗೆ ರೂಪುಗೊಂಡ ಬಸವನಗುಡಿ, ಮಲ್ಲೇಶ್ವರಗಳನ್ನೂ ಚೌಕಾಕಾರದ ಅಡ್ಡರಸ್ತೆಗಳ ಬಡಾವಣೆಗಳಾಗಿ ಕಟ್ಟಿದ್ದರಿಂದ, ಮುಖ್ಯರಸ್ತೆಗೆ ಸಮಾನಾಂತರವಾಗಿ ನೆರಳಿನ ಇನ್ನೊಂದು ದಾರಿ ಯಾವಾಗಲೂ ಸಿಗುತ್ತದೆ. ಕಷ್ಟ ಬರುವುದು ಈ ಬಡಾವಣೆಗಳ ನಡುವಿನ ಕೊಂಡಿಗಳಲ್ಲಿ, ಮುಖ್ಯವಾಗಿ ರೈಲುಹಳಿ ದಾಟುವ ಕಡೆ. ಅಲ್ಲಿ ಮುಖ್ಯರಸ್ತೆಯ ಹೊರತು ಬೇರೆ ದಾರಿಯಿಲ್ಲ. ಪ್ರತ್ಯೇಕ ಸೈಕಲ್ ಪಥ ಬೇಕಾದದ್ದು ಆ ಅರ್ಧ ಕಿಲೋಮೀಟರಿಗೆ. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ಕಡೆಗೆ ಮೋಟುಗಂಬ ನೆಟ್ಟು ಮಾಡಿದ್ದ ಸೈಕಲ್ ಪಥದಲ್ಲಿ, ಮೆಟ್ರೊ ಕಾಮಗಾರಿ ಅದನ್ನು ನುಂಗುವ ಮೊದಲು, ನಾಲ್ಕಾರು ಸಲ ಹೋಗಿದ್ದೆ. ಕಂಬಗಳು ಗಟ್ಟಿಯಾಗಿ ನಿಂತ ಕಡೆ ಹಿಂದಿರುಗಿ ನೋಡುವ ಅಗತ್ಯ ಬೀಳಲಿಲ್ಲ, ಕಂಬ ಮುರಿದ ಕಡೆ ಪಥದೊಳಗೆ ಬೈಕುಗಳೇ ಇದ್ದವು.

ಕೊನೆಗೆ ಉಳಿಸಿಕೊಂಡದ್ದು ಗೇರ್ ಸೈಕಲ್ಲನ್ನೇ. ಟೈರುಗಳನ್ನು ಬದಲಿಸಿ ಅಗಲದವನ್ನು ಹಾಕಿಸಿದ್ದೇನೆ, ಕೆಸರು ಹಾರದಂತೆ ಎರಡೂ ಕಡೆ ಉದ್ದನೆಯ ಮಡ್‌ಗಾರ್ಡ್ ಇದೆ. ಮಡಿಸುವುದು ಮಗಳ ಪಾಲಾಗಿದೆ. ಅವಳ ಕಾಲೇಜು ಜಯನಗರದಲ್ಲೇ ಇರುವುದರಿಂದ ಮಡಿಸುವ ಪ್ರಮೇಯವೇ ಬಂದಿಲ್ಲ. ಭಾವಮೈದುನನಿಗೆ ಬ್ಯಾಟರಿ ಸೈಕಲ್ ಹಿಂದಿರುಗಿಸುವಾಗ ಅದರ ಚೀಲದಲ್ಲಿ ಹಿಂದಿನ ಚಕ್ರದ ನಟ್ಟಿಗೆ ಸರಿಹೊಂದುವ ಒಂದು ಸ್ಪಾನರನ್ನೂ ಒಂದು ಕಟ್ಟು ಪ್ಲಾಸ್ಟಿಕ್ ಪಟ್ಟಿಗಳನ್ನೂ ಇಟ್ಟುಕೊಟ್ಟೆ. ಅವು ಯಾತಕ್ಕೆಂದು ಅವನು ಇನ್ನೂ ಕೇಳಿಲ್ಲ.